ಚೀಟಿ ಬೇರೆ, ತಲೆ ಬೇರೆ

ಅವರು ತೀರಿಕೊಂಡ ಸುದ್ದಿಯನ್ನು ನನಗೆ ಹೇಳಿದವಳು ಮೀನು ಮಾರುವವಳು. ಹರಿಹರದ ಹೊಳೆಯ ಮೀನು ತಂದು ನಮ್ಮ ಓಣಿಯಲ್ಲಿ ಕೂಗುತ್ತಾ ಬರುತ್ತಾಳೆ. "ನಿಮ್ಮ ದವಾಖಾನಿ ಕಾಂಪೌಂಡರ್ ಸಾಹೇಬ್ರು ಹೋದ್ರಂತ್ರಿ. ಶುಕ್ರವಾರ ಮಣ್ಣಾತಂತೆ," ಎಂದು ಹೇಳಿ ತಕ್ಕಡಿ ಎತ್ತಿದಳು. ನಾನು ಮೀನು ತೆಗೆದುಕೊಂಡೆ. ಅಳಲಿಲ್ಲ. ತೊಂಬತ್ತು ದಾಟಿದ ಮನುಷ್ಯ ಮಲಗಿದಲ್ಲೇ ಹೋದರೆ ಅಳುವುದಕ್ಕೇನಿದೆ?

ಆದರೆ ಮೀನು ಹೆಚ್ಚುತ್ತಾ ಕೂತಾಗ ಒಂದು ಮಾತು ತಲೆಗೆ ಬಂತು. ಗುಡಿ ಕಟ್ಟಿಸಿದವರ ಹೆಸರು ಕಲ್ಲಿನ ಮೇಲಿದೆ, ಛತ್ರ ಕಟ್ಟಿಸಿದವರದ್ದು ಬಾಗಿಲ ಮೇಲಿದೆ. ಈ ಮನುಷ್ಯ ಕಟ್ಟಿದ್ದು ಹೆಸರುಗಳ ಒಂದು ಪಟ್ಟಿ. ಪಟ್ಟಿ ಕಟ್ಟಿದವರನ್ನು ಯಾರು ನೆನೆಯುತ್ತಾರೆ? ಅದಕ್ಕೇ ನಾನು ಬರೆಯುತ್ತಿದ್ದೇನೆ. ಅವರ ಹೆಸರು ಹಾಕುವುದಿಲ್ಲ. ಅವರು ಔಷಧ ಕೊಡುತ್ತಿದ್ದ ರೂಮಿನ ಯಾವ ಹೆಸರೂ ಹೊರಗೆ ಹೋಗಕೂಡದು ಎಂಬುದು ಅವರದೇ ಕಟ್ಟಪ್ಪಣೆ. ಬೇರೆಯವರ ಹೆಸರುಗಳನ್ನೂ ಬದಲಿಸಿದ್ದೇನೆ. ನನ್ನ ಗಂಡನದು, ನನ್ನ ತಂಗಿಯ ಗಂಡನದು ಮಾತ್ರ ಇದ್ದ ಹಾಗೇ ಇದೆ. ಆ ಇಬ್ಬರೂ ಈಗ ಕೇಳಿಸಿಕೊಳ್ಳಲು ಉಳಿದಿಲ್ಲ.

ಅರವತ್ತನೇ ಇಸವಿಯ ಆಚೀಚೆ ನಾನು ದಾವಣಗೆರೆಯ ಒಂದು ಸರ್ಕಾರಿ ದವಾಖಾನೆಯಲ್ಲಿ ಆಯಾ ಆಗಿದ್ದೆ. ಗುಡಿಸುವುದು, ತೊಳೆಯುವುದು, ಸಾಲು ನಿಲ್ಲಿಸುವುದು ನನ್ನ ಕೆಲಸ. ಗಂಡ ಹತ್ತಿ ಮಿಲ್ಲಿನಲ್ಲಿದ್ದ. ದವಾಖಾನೆಯ ಹಿಂದುಗಡೆ ಮುರಿದ ಸ್ಟ್ರೆಚರುಗಳನ್ನು ಎಸೆಯುವ ಒಂದು ರೂಮಿತ್ತು. ಅದನ್ನು ಖಾಲಿ ಮಾಡಿಸಿ, ಸುಣ್ಣ ಬಳಿಸಿ, ಮನಸ್ಸಿನ ಕಾಯಿಲೆಯವರಿಗೆ ವಾರಕ್ಕೊಂದು ದಿನ ಔಷಧ ಕೊಡುವುದನ್ನು ಶುರು ಮಾಡಿದರು. ಗುರುವಾರ ಬೆಳಗಿನ ರೈಲಿಗೆ ಒಬ್ಬ ಡಾಕ್ಟರು ಬರುವರು, ಸಂಜೆ ರೈಲಿಗೆ ಹೋಗುವರು. ಮಾತ್ರೆ ಕೊಡುವುದು, ರಿಜಿಸ್ಟರು ಬರೆಯುವುದು, ಊರಲ್ಲಿ ಎಷ್ಟು ಜನಕ್ಕೆ ಔಷಧ ಸಿಕ್ಕಿತು ಎಂದು ತಿಂಗಳ ಕೊನೆಗೆ ಮೇಲಿನವರಿಗೆ ತಿಳಿಸುವುದು, ಇವೆಲ್ಲ ಕಾಂಪೌಂಡರ್ ಸಾಹೇಬರ ಪಾಲಿನ ಕೆಲಸ. ಆ ರೂಮು ಇಲ್ಲದಾಗ ಇಂಥವರನ್ನು ಗುಡಿಗೆ ಒಯ್ಯುತ್ತಿದ್ದರು, ದರ್ಗಾಕ್ಕೆ ಒಯ್ಯುತ್ತಿದ್ದರು, ಅಲ್ಲೂ ಆಗದಿದ್ದರೆ ದನದ ಹಗ್ಗ ಇದ್ದೇ ಇತ್ತು.

ಸಾಹೇಬರು ಸಣ್ಣ ಆಳು. ಕರಿ ಟೋಪಿ. ಬಿಳಿ ಕೋಟು ಬೇರೆ ಯಾರಿಗೋ ಹೊಲಿದದ್ದು, ಮೊಣಕಾಲು ದಾಟುತ್ತಿತ್ತು. ಕಿವಿಯ ಮೇಲೆ ಒಂದು ತುದಿ ಕೆಂಪು, ಒಂದು ತುದಿ ನೀಲಿಯ ಪೆನ್ಸಿಲು. ಅವರ ಕನ್ನಡ ನನ್ನ ಕನ್ನಡಕ್ಕಿಂತ ಚೊಕ್ಕ. ಸಿಟ್ಟು ಬಂದರೆ ಮಾತ್ರ ಉರ್ದು. ಆ ಉರ್ದು ಅವರ ಮನೆಯವರಿಗೂ ಅರ್ಥವಾಗುತ್ತಿರಲಿಲ್ಲ ಎಂದು ಕೇಳಿದ್ದೇನೆ.

ಅವರು ಯಾರನ್ನೂ ಬೆರಳು ಮಾಡಿ ಎಣಿಸುತ್ತಿರಲಿಲ್ಲ. ತಲೆ ಎಣಿಸಿದರೆ ಆಯುಸ್ಸು ಕಡಿಮೆಯಾಗುತ್ತದೆ ಎಂದು ನಮ್ಮ ಜನ ಹೆದರುತ್ತಾರಲ್ಲ. ಅದಕ್ಕೆ ಅವರು ಬಾಗಿಲಲ್ಲಿ ಹುಣಸೆ ಬೀಜದ ಒಂದು ತಟ್ಟೆ ಇಟ್ಟಿದ್ದರು. ಒಳಗೆ ಬಂದವರು ಒಂದು ಬೀಜ ಎತ್ತಿ ಡಬ್ಬಿಗೆ ಹಾಕಬೇಕು. ಮಧ್ಯಾಹ್ನ ರೂಮು ಮುಚ್ಚುವ ಹೊತ್ತಿಗೆ ಬೀಜ ಎಷ್ಟು, ಗೇಟಿನಲ್ಲಿ ಹೆಸರು ಬರೆದುಕೊಟ್ಟ ಚೀಟಿ ಎಷ್ಟು ಎಂದು ಹೊಂದಿಸುವರು. ಯಾವತ್ತೂ ಚೀಟಿಯೇ ಹೆಚ್ಚು, ಒಬ್ಬರೇ ಎರಡು ಬರೆಸಿರುವರು. "ಚೀಟಿ ಬೇರೆ, ತಲೆ ಬೇರೆ ಕಣವ್ವಾ. ಚೀಟಿಗೆ ಕಾಯಿಲಿ ಬರಂಗಿಲ್ಲ," ಎನ್ನುವರು.

ಮೊದಮೊದಲು ಗೇಟಿನ ಜವಾನ ಆ ಸಾಲನ್ನು "ಹುಚ್ಚರ ಸಾಲು ಈ ಕಡೆ!" ಎಂದು ಕೂಗುತ್ತಿದ್ದ. ಒಂದು ಗುರುವಾರ ಸಾಹೇಬರು ಹೋಗಿ ಆ ಸಾಲಿನ ಕೊನೆಯಲ್ಲಿ ನಿಂತರು. ಕೈಯಲ್ಲಿ ಚೀಟಿ. ಬಿಸಿಲು ಏರಿತು. ಒಳಗೆ ಡಾಕ್ಟರು ಕಾಂಪೌಂಡರ್ ಎಲ್ಲಿ ಎಂದು ಕೂಗುತ್ತಿದ್ದಾರೆ. ಜವಾನ ಓಡಿ ಬಂದ.

"ಸಾಹೇಬ್ರೆ, ನೀವ್ಯಾಕ ಇಲ್ಲಿ ನಿಂತೀರಿ?"

"ನೀನೇ ಕೂಗಿದ್ಯಲ್ಲಪ್ಪ. ನಂಗೂ ಒಂದೀಟು ಐತೆ ಅಂತ ಮನ್ಯಾಗ ಹೇಳ್ತಿದ್ರು. ಅದಕ್ಕೆ ಬಂದೆ."

ಸಾಲಿಗೆ ಸಾಲೇ ನಕ್ಕಿತು. ಜವಾನ ಕೈ ಮುಗಿದ. ಆಮೇಲೆ ಅದು ಗುರುವಾರದ ಸಾಲು ಆಯಿತು, ರೂಮು ಗುರುವಾರದ ರೂಮು ಆಯಿತು.

ಲೆಕ್ಕದಲ್ಲಿ ಅವರಷ್ಟು ಹಟಮಾರಿಯನ್ನು ನಾನು ಕಂಡಿಲ್ಲ. ಮಲೆಬೆನ್ನೂರಿನಿಂದ ಒಬ್ಬ ಬರುತ್ತಿದ್ದ. ನಾಚಿಕೆಗೆ ಒಂದು ವಾರ ಒಂದು ಹೆಸರು ಹೇಳುವನು, ಮುಂದಿನ ವಾರ ಇನ್ನೊಂದು. ರಿಜಿಸ್ಟರಿನಲ್ಲಿ ಅವನು ಮೂರು ಜನ ಆಗಿದ್ದ. ಸಾಹೇಬರು ಅದನ್ನು ಹಿಡಿದು ಎರಡು ಸಾಲು ಕೆಂಪಿನಲ್ಲಿ ಹೊಡೆದರು. ನಾನು, "ಇರ್ಲಿ ಬಿಡ್ರಿ, ಜಾಸ್ತಿ ಇದ್ರೆ ಜಾಸ್ತಿ ಮಾತ್ರೆ ಕಳಿಸ್ತಾರೆ," ಅಂದೆ. "ಇಲ್ಲದವ್ನ ಹೆಸ್ರಿಗೆ ಮಾತ್ರೆ ತರ್ಸಿದ್ರೆ, ನಾಳೆ ಇದ್ದವ್ನ ಹೆಸ್ರನ್ನೂ ಯಾರೂ ನಂಬಂಗಿಲ್ಲ," ಅಂದರು.

ಇನ್ನೊಂದು ಸಲ ಕೊಕ್ಕನೂರಿನ ಒಂದು ಮನೆಯವರು ಬಂದು ಬಂದು ಮಾತ್ರೆ ಒಯ್ಯುತ್ತಿದ್ದರು. ಹುಡುಗನಿಗೆ ಹೇಗಿದೆ ಎಂದರೆ ಮುಖ ತಿರುಗಿಸುವರು. ಭಾನುವಾರ ಸಾಹೇಬರು ಮೇಕೆ ಕೊಳ್ಳುವ ನೆಪ ಮಾಡಿಕೊಂಡು ಸೈಕಲ್ ತುಳಿದು ಹೋದರು. ನೋಡಿದರೆ ಹುಡುಗ ಮೊದಲಿನ ಹಾಗೇ ಮೂಲೆಯಲ್ಲಿ ಕೂತಿದ್ದಾನೆ. ಮಾತ್ರೆ ನುಂಗುತ್ತಿದ್ದದ್ದು ಹಾಯುವ ಎತ್ತು! "ಎತ್ತು ಭಾಳ ಸಾಧು ಆಗೈತ್ರಿ, ನಿಮ್ಮ ಪುಣ್ಯ," ಎಂದರಂತೆ ಮನೆಯವರು. ಸಾಹೇಬರು ಅಲ್ಲೇ ಕೂತು, ತಮ್ಮ ಕೈಯಿಂದ ಹುಡುಗನಿಗೆ ಮಾತ್ರೆ ನುಂಗಿಸಿ ಬಂದರು. ಆ ತಿಂಗಳ ಲೆಕ್ಕದಿಂದ ಅವನ ಹೆಸರು ತೆಗೆದರು. ಔಷಧ ಕೊಟ್ಟದ್ದನ್ನಲ್ಲ, ಔಷಧ ಸಿಕ್ಕಿದವರನ್ನು ಬರೆಯಬೇಕು ಎಂಬುದು ಅವರ ವಾದ. ಮುಂದಿನ ತಿಂಗಳು ಹುಡುಗ ತಾನೇ ಬಂದು ಹುಣಸೆ ಬೀಜ ಹಾಕಿದ. ಆಗ ಬರೆದುಕೊಂಡರು.

ಈಗ ನನ್ನ ತಂಗಿಯ ವಿಷಯಕ್ಕೆ ಬರುತ್ತೇನೆ. ಅವಳನ್ನು ಹರಿಹರಕ್ಕೆ ಕೊಟ್ಟಿತ್ತು. ಎರಡನೆಯ ಹೆರಿಗೆಯಾದ ಮೇಲೆ ಮಾತು ಬಿಟ್ಟಳು. ಕೂಸು ಅತ್ತರೂ ತಿರುಗಿ ನೋಡಳು. ಹೊಳೆಯ ಮೆಟ್ಟಿಲ ಮೇಲೆ ಹೋಗಿ ಒದ್ದೆ ಸೀರೆಯಲ್ಲಿ ಕೂತುಬಿಡುವಳು. ಗಂಡ ಕೆಟ್ಟವನಲ್ಲ, ಆದರೆ ತಾಯಿಯ ಮಾತಿಗೆ ಎದುರಾಡುವವನಲ್ಲ. ತಾಯಿ ಆಗಲೇ ಮಗನಿಗೆ ಇನ್ನೊಂದು ಹೆಣ್ಣು ನೋಡಿಟ್ಟಿದ್ದಳು. ನಾನು ತಂಗಿಯನ್ನು ಎಳೆದು ತಂದು ಗುರುವಾರದ ರೂಮಿನಲ್ಲಿ ಕೂರಿಸಿದೆ. ಐದಾರು ತಿಂಗಳಲ್ಲಿ ರೊಟ್ಟಿ ಬಡಿಯಲು ಕೂತಳು. ಕೂಸನ್ನು ಎತ್ತಿಕೊಂಡಳು. ಮಾತು ಕಡಿಮೆಯೇ, ಆದರೆ ಕೇಳಿದ್ದಕ್ಕೆ ಹೂಂ ಅನ್ನುವಳು. ವಾರಾ ವಾರಾ ಹರಿಹರದಿಂದ ಷಟಲ್ ರೈಲಿಗೆ ಒಬ್ಬಳೇ ಬಂದು ಮಾತ್ರೆ ಒಯ್ಯತೊಡಗಿದಳು. ಅತ್ತೆ ಒಂದು ಮಾತು ಹೇಳಿ ಕಳಿಸಿದ್ದಳು: "ಮಾತ್ರಿ ಇರೋತನ ಸೊಸಿ ಇರ್ಲಿ. ಮಾತ್ರಿ ನಿಂತ್ರೆ ನಿಮ್ಮನಿಗೆ ಕಳಿಸ್ತೀನಿ."

ಅಂಥ ಹೊತ್ತಿನಲ್ಲಿ ಮೇಲಿನಿಂದ ಒಂದು ಹುಕುಂ ಬಂತು. ಒಬ್ಬರೇ ಎರಡು ಮೂರು ಸಲ ಲೆಕ್ಕಕ್ಕೆ ಬರುತ್ತಿದ್ದಾರೆಂದು ಬೇರೆ ಊರುಗಳಿಂದ ದೂರು ಹೋಗಿತ್ತಂತೆ. ಹಾಗಾಗಿ ಇನ್ನು ಮೇಲೆ ರಿಜಿಸ್ಟರಿನ ಎಲ್ಲ ಕಲಮೂ ತುಂಬಿರಬೇಕು. ಗಂಡಸಾದರೆ ಅಪ್ಪನ ಹೆಸರು, ಲಗ್ನವಾದ ಹೆಂಗಸಾದರೆ ಗಂಡನ ಹೆಸರು. ಖಾಲಿ ಬಿಟ್ಟ ಸಾಲು ಲೆಕ್ಕಕ್ಕಿಲ್ಲ. ಆಫೀಸಿನ ಹೆಡ್ ಕ್ಲರ್ಕ್ ಕೆಂಪು ಮಸಿ ತೆಗೆದುಕೊಂಡು ಕೂತ. ಎದ್ದಾಗ, ಕೆಂಪು ಗೀಟು ತಪ್ಪಿಸಿಕೊಂಡು ಬದುಕಿ ಉಳಿದ ಹೆಸರುಗಳಿಗೆ ಒಂದು ಹಾಳೆಯ ಒಂದು ಮಗ್ಗುಲೇ ಸಾಕಾಗಿತ್ತು.

ಯಾಕೆಂದರೆ ಆ ರೂಮಿಗೆ ಬರುತ್ತಿದ್ದವರಲ್ಲಿ ಹೆಂಗಸರೇ ಹೆಚ್ಚು, ಮತ್ತು ನಮ್ಮ ಕಡೆಯ ಹೆಂಗಸು ಗಂಡನ ಹೆಸರು ಹೇಳುವುದಿಲ್ಲ. ಜೀವ ಹೋದರೂ ಹೇಳುವುದಿಲ್ಲ. ಗಂಡನ ಮನೆಯವರು ಆ ಬಾಗಿಲಿಗೆ ಬರುತ್ತಿರಲಿಲ್ಲ. ಒಬ್ಬಳೇ ಬರುವಳು, ಇಲ್ಲವೇ ಪಕ್ಕದ ಮನೆಯವಳ ಜೊತೆ, ಸಂತೆಗೆ ಹೋಗುತ್ತೇನೆಂದು ಹೇಳಿ. ಮನೆಗೆ ಹೋಗಿ ವಿಚಾರಿಸಿದರೆ ಗುಟ್ಟು ರಟ್ಟು. ಹೀಗಾಗಿ ಹೆಂಗಸರ ಆ ಕಲಮು ಉದ್ದಕ್ಕೂ ಬೆಳ್ಳಗಿತ್ತು.

ಇಷ್ಟು ಕಡಿಮೆ ಜನಕ್ಕೆ ಡಾಕ್ಟರು ಯಾಕೆ ಎಂದು ಮೇಲಿನವರು ಕೇಳಿದರು. ನಾಲ್ಕನೆಯ ಗುರುವಾರ ಒಬ್ಬ ಅಧಿಕಾರಿ ಬಂದು ರಿಜಿಸ್ಟರು ನೋಡುತ್ತಾರೆ, ಅಂಕಿ ಅಷ್ಟೇ ಆದರೆ ರೂಮು ಮುಚ್ಚುತ್ತಾರೆ ಎಂದು ಕಾಗದ ಬಂತು. ಬೇಕಾದವರು ದೂರದ ದೊಡ್ಡ ಊರಿನ ಆಸ್ಪತ್ರೆಗೆ ಹೋಗಲಿ ಎಂದಿತ್ತು. ಸಂತೆಯ ನೆಪ ಹೇಳಿ ಬರುವವಳು ಆ ದೊಡ್ಡ ಊರಿಗೆ ಯಾವ ನೆಪ ಹೇಳಿ ಹೋಗುತ್ತಾಳೆ?

ಸಾಹೇಬರು ಅವತ್ತು ಊಟ ಮಾಡಲಿಲ್ಲ. ರಿಜಿಸ್ಟರು ತಿರುವುತ್ತಾ ಕೂತಿದ್ದರು. ನಾನು ನೆಲ ಒರೆಸುತ್ತಿದ್ದೆ.

"ಏನವ್ವಾ, ನಿನ್ನ ತಂಗಿ ಸಾಲೂ ಖಾಲಿ ಐತಲ್ಲ. ಅವಳು ಹೇಳಂಗಿಲ್ಲ, ಸರಿ. ನೀನು ಅಕ್ಕ. ನಿಂಗೇನಾಗೈತೆ ದಾಡಿ?"

"ನಾನೂ ಹೇಳಂಗಿಲ್ರಿ."

"ಯಾಕ?"

"ನಮ್ಮನಿಯವ್ರ ಹೆಸ್ರೂ ಅದೇರಿ."

ಪೆನ್ಸಿಲು ಕೆಳಗೆ ಬಿತ್ತು. "ಇಬ್ರಿಗೂ ಒಂದೇ?"

"ಒಂದೇರಿ. ಏನ್ಮಾಡದು, ಅವ್ರವ್ರ ಅಪ್ಪಾರು ಇಟ್ಟಿದ್ದು."

"ಸುಳಿವಾದ್ರೂ ಕೊಡು."

"ಬೆಳಗ್ಗೆ ಕರೀತಾರಲ್ರಿ, ಎಮ್ಮಿದು. ಬೆಳ್ಳಗಿರ್ತೈತೆ."

"ಹಾಲು!"

ನಾನು ಕಿವಿ ಮುಚ್ಚಿಕೊಂಡೆ. ಸಾಹೇಬರು ಟೋಪಿ ತೆಗೆದು ಮೇಜಿನ ಮೇಲಿಟ್ಟು, ಹೊಟ್ಟೆ ಹಿಡಿದುಕೊಂಡು ನಕ್ಕರು. "ಅದಕ್ಕೇನು ನೀನು ಪೇಶಂಟ್ರಿಗೆಲ್ಲ ಮಾತ್ರಿ ನುಂಗಿ ಬಿಳೇದು ಕುಡೀರಿ ಅನ್ನೋದು? ಜನಕ್ಕೆ ಸುಣ್ಣದ ನೀರು ಕುಡಿಸ್ತಾಳೇನೋ ಇವಳು ಅಂದ್ಕೊಂಡಿದ್ದೆ ನಾನು!"

"ಗೊತ್ತಾತಲ್ರಿ, ಬರ್ಕಳ್ರಿ."

"ಹಾಲಪ್ಪನೋ, ಹಾಲೇಶನೋ? ಊಹೆ ಮಾಡಿ ನಾನು ಬರೆಯಂಗಿಲ್ಲ." ಮತ್ತೆ ರಿಜಿಸ್ಟರು ತಿರುವಿ, ತಲೆ ಎತ್ತಿದರು. "ಅಲ್ಲವ್ವಾ, ಮದುವ್ಯಾಗ ಹೇಳ್ತೀರಲ್ಲ? ಬಾಗಿಲಾಗ ಅಡ್ಡ ನಿಂತು ಹೆಸ್ರು ಹೇಳಿದ್ರೆ ಒಳಗ ಬಿಡ್ತೀವಿ ಅಂತಾರೆ. ಆಗೆಲ್ಲ ಹೆಂಗೆ ಹೇಳ್ತೀರಿ?"

"ಅದು ಒಡಪುರಿ. ಹಾಡಿನಂಗೆ ಕಟ್ಟಿ ಅದರಾಗ ಹೆಸ್ರು ಸೇರಿಸಿ ಹೇಳದು. ಒಡಪಿನಾಗ ಹೇಳಿದ್ರೆ ದೋಷ ಇಲ್ಲ."

ಅವರು ಎದ್ದರು. ಬಾಗಿಲಿಗೆ ಹೋಗಿ, ಎರಡೂ ಕೈ ಚಾಚಿ ಚೌಕಟ್ಟು ಹಿಡಿದು ನಿಂತರು. ಉದ್ದನೆ ಕೋಟು, ಬೋಳು ತಲೆ. "ಬಾಗಿಲೈತೆ, ಅಡ್ಡ ನಾನದೀನಿ. ಹಾಕು ಒಡಪು. ಇಲ್ಲಾಂದ್ರೆ ನೀನು ಇವತ್ತು ಮನಿಗೆ ಹೋಗಂಗಿಲ್ಲ."

ನನಗೂ ಹಟ ಬಂತು. ಒರೆಸುವ ಬಟ್ಟೆ ಕೈಯಲ್ಲಿ ಹಿಡಿದೇ ಹೇಳಿದೆ:

"ಕೋಳಿ ಕೂಗೈತೆ, ಬಾಗಿಲು ತೆಗಿಯಪ್ಪ,
ಮಿಲ್ಲು ಕೂಗಿದ್ರೂ ಏಳಂಗಿಲ್ಲ ನಮ್ಮ ಹಾಲಪ್ಪ."

ಸಾಹೇಬರು ಕೈ ಬಿಟ್ಟು ಓಡಿ ಹೋಗಿ ರಿಜಿಸ್ಟರಿನಲ್ಲಿ ನನ್ನ ತಂಗಿಯ ಸಾಲು ತುಂಬಿದರು. ಆಮೇಲೆ ನನ್ನ ಕಡೆ ನೋಡಿ, "ಬರೋ ಗುರುವಾರದಿಂದ ಸಾಲು ನಿಲ್ಸೋದು ಬಿಡು. ಒಡಪು ಹಾಕ್ಸು," ಅಂದರು.

ಮೂರೇ ಗುರುವಾರ ಕೈಯಲ್ಲಿದ್ದವು. ಮೊದಲನೆಯ ದಿನ ಹೆಂಗಸರು ಸೆರಗು ಬಾಯಿಗೆ ಇಟ್ಟುಕೊಂಡರು. ನಾನು ನನ್ನದನ್ನೇ ಗಟ್ಟಿಯಾಗಿ ಹೇಳಿ ತೋರಿಸಿದೆ. ಒಬ್ಬಳು ಹೇಳಿದಳು, ಇನ್ನೊಬ್ಬಳು ಅವಳಿಗಿಂತ ಚೆಂದದ್ದು ಹೇಳಿದಳು, ಮೂರನೆಯವಳಿಗೆ ಹೊಟ್ಟೆಕಿಚ್ಚು ಬಂತು. ಎರಡನೆಯ ಗುರುವಾರ ಮನೆಯಿಂದಲೇ ಕಟ್ಟಿಕೊಂಡು ಬಂದರು. ಒಬ್ಬ ಅಜ್ಜಿ ತನ್ನ ಗಂಡನಿಗೆ ಐದು ಒಡಪು ಹಾಕಿದಳು. ಸಾಹೇಬರು, "ಅಜ್ಜಿ, ಗಂಡ ಒಬ್ನೇನಾ, ಐದು ಜನನಾ? ನನ್ನ ಲೆಕ್ಕ ತಪ್ತೈತೆ," ಅಂದರು. "ಒಬ್ನೇ ಕಣೋ ಸಾಹೇಬ. ಸಾಲ್ದೇ ಹೋಗಿ ಐದು ಮಾಡೀನಿ," ಅಂದಳು.

ಮುಸಲ್ಮಾನರ ಹೆಂಗಸರದ್ದೂ ಅದೇ ಪಾಡು, ಅವರಲ್ಲೂ ಗಂಡನ ಹೆಸರು ಹೇಳುವುದಿಲ್ಲ. ಮಕ್ಕಳ ಅಪ್ಪ ಎನ್ನುತ್ತಾರೆ, ಅಷ್ಟೇ. ಟೇಲರನ ಹೆಂಡತಿ ಒಬ್ಬಳು ಒಡಪು ಬರುವುದಿಲ್ಲವೆಂದು ಅಳುವ ಹಾಗಾದಳು. ಅವಳನ್ನು ಪಕ್ಕಕ್ಕೆ ಕರೆದು, ಅವಳ ಜೊತೆ ಬಂದವಳ ಕಿವಿಯಲ್ಲಿ ಹೆಸರು ಕೇಳಿಕೊಂಡು, ನಾನೇ ಒಂದು ಕಟ್ಟಿಕೊಟ್ಟೆ. ಬುರ್ಖಾದ ಒಳಗಿಂದ ಹೇಳಿದಳು:

"ಕತ್ತರಿ ಹಿಡಿದ್ರೆ ಅಂಗಿ, ಬಿಟ್ರೆ ನಮಾಜು,
ಮಿಷನ್ ತುಳಿಯೋ ನಮ್ಮನಿಯವ್ರ ಹೆಸ್ರು ಸಿರಾಜು."

ಸಾಹೇಬರು "ವಾಹ್!" ಎಂದು ಚೌಕಟ್ಟು ಬಡಿದರು. ಗದ್ದಲ ಕೇಳಿ ಡಾಕ್ಟರು ಹೊರಗೆ ಬಂದರು. "ಏನ್ರೀ ಇದು, ಆಸ್ಪತ್ರೆನೋ ಮದುವೆ ಮನೆನೋ? ತಿಂಗಳಿಂದ ಬಾಯಿ ಬಿಡದ ಹೆಂಗಸು ಪದ್ಯ ಹೇಳ್ತಿದ್ದಾಳೆ! ನನ್ನ ಮಾತ್ರೆಗಿಂತ ನಿಮ್ಮ ಬಾಗಿಲೇ ವಾಸಿ." ಸಾಹೇಬರು ಪೆನ್ಸಿಲು ಕಿವಿಗೆ ಸಿಕ್ಕಿಸಿಕೊಂಡು, "ಬಾಗಿಲು ಒಂದೇ ಐತೆ ಸಾರ್. ಮಾತ್ರೆ ಜಾಸ್ತಿ ಕಳಿಸೋಕೆ ಹೇಳ್ರಿ," ಅಂದರು.

ನನ್ನ ತಂಗಿ ಮಾತ್ರ ಒಡಪು ಹಾಕಲಿಲ್ಲ. ಸ್ವಲ್ಪ ನಕ್ಕು, ಸಾಹೇಬರ ತೋಳಿನ ಕೆಳಗೆ ಬಗ್ಗಿ ಒಳಗೆ ಹೋಗಿಬಿಡುವಳು. ಅವಳ ಸಾಲು ತುಂಬಿತ್ತಲ್ಲ, ಸಾಹೇಬರೂ ಬಲವಂತ ಮಾಡಲಿಲ್ಲ.

ನಾಲ್ಕನೆಯ ಗುರುವಾರ ಬಂತು. ಅಧಿಕಾರಿ ಮೈಸೂರಿನ ಕಡೆಯವರು, ಇಸ್ತ್ರಿ ಮಾಡಿದ ಪ್ಯಾಂಟು, ಮೆತ್ತಗಿನ ಮಾತು. ಮೆತ್ತಗಿನ ಮಾತಿನವರೇ ನನಗೆ ಹೆದರಿಕೆ. ಅದೇ ಹೊತ್ತಿಗೆ ತಂಗಿ ಬಂದಳು. ಹಿಂದೆ ಅವಳ ಅತ್ತೆ. ಅತ್ತೆಯ ತಲೆಯ ಮೇಲೆ ತಂಗಿಯ ತಗಡಿನ ಟ್ರಂಕು. ಅದನ್ನು ಬೆಂಚಿನ ಪಕ್ಕ ದಡ್ ಎಂದು ಇಳಿಸಿದಳು.

"ಇವತ್ತು ಮುಚ್ತಾರಂತಲ್ಲ? ಮುಚ್ಚಿದ್ರೆ ನಿನ್ನ ತಂಗಿನ ಇಲ್ಲೇ ಬಿಟ್ಟು ಹೋಗ್ತೀನಿ. ಎರಡು ಸಲ ರೈಲಿಗೆ ಬರೋದು ಯಾರಿಗೆ ಬೇಕಾಗೈತೆ?"

"ಕೂಡ್ರಿ ದೊಡ್ಡವ್ವ. ಮುಚ್ಚೋದು ನೋಡಾಕೆ ಬಂದೋರು ತೆರೆಯೋದೂ ನೋಡ್ಕೊಂಡು ಹೋಗ್ರಿ," ಅಂದೆ. ಬಾಯಿ ಜೋರಿತ್ತು. ಕಣ್ಣು ಮಾತ್ರ ಟ್ರಂಕಿನ ಮೇಲೇ ಇತ್ತು.

ಅಧಿಕಾರಿ ರಿಜಿಸ್ಟರು ಬಿಡಿಸಿದರು. ಕೆಂಪು ಗೀಟುಗಳ ಮೇಲೆಲ್ಲ ಹೊಸ ನೀಲಿ ಹೆಸರುಗಳು. ಕನ್ನಡಕ ತೆಗೆದು ಒರೆಸಿದರು.

"ಒಂದೇ ಕೈಬರಹ, ಒಂದೇ ಪೆನ್ಸಿಲು. ಹೋದ ತಿಂಗಳು ಇಲ್ಲದ ಗಂಡಂದಿರು ಈ ತಿಂಗಳು ಎಲ್ಲಿಂದ ಬಂದರು, ಕಾಂಪೌಂಡರೇ?"

"ಹೆಂಡ್ತೀರ ಬಾಯಿಂದ, ಸಾರ್."

"ಸರಿ. ಕೇಳೋಣ." ಮೊದಲನೆಯ ಬೆಂಚಿನ ಹೆಂಗಸಿನ ಕಡೆ ತಿರುಗಿ, "ನಿನ್ನ ಗಂಡನ ಹೆಸರೇನಮ್ಮ?" ಎಂದರು. ಅವಳು ತಲೆ ಬಗ್ಗಿಸಿದಳು. ಪಕ್ಕದವಳನ್ನು ಕೇಳಿದರು. ಅವಳೂ ತಲೆ ಬಗ್ಗಿಸಿದಳು. ಐದು ಒಡಪಿನ ಅಜ್ಜಿ ಕೂಡ ಪ್ಯಾಂಟಿನ ಗಂಡಸು ನೇರವಾಗಿ ಕೇಳಿದ್ದಕ್ಕೆ ಸೆರಗು ಎಳೆದುಕೊಂಡಳು. ಅಧಿಕಾರಿ ಸಾಹೇಬರನ್ನು ನೋಡಿದರು. ಪಕ್ಕದಲ್ಲಿದ್ದ ಹೆಡ್ ಕ್ಲರ್ಕ್ ಬಗ್ಗಿ ಅವರ ಕಿವಿಯಲ್ಲಿ ಏನೋ ಹೇಳಿದ. ಅಧಿಕಾರಿ ಒಂದು ಸಾಲಿನ ಮೇಲೆ ಬೆರಳಿಟ್ಟರು.

"ಹರಿಹರದ ಈ ಹೆಂಗಸಿನ ಗಂಡ ಹಾಲಪ್ಪ. ಇಲ್ಲಿನ ಆಯಾಳ ಗಂಡನೂ ಹಾಲಪ್ಪ. ಏನಮ್ಮ, ನಿನ್ನ ಗಂಡನನ್ನೇ ತಂದು ಇಲ್ಲಿ ಬರೆಸಿದ್ದೀಯಾ?"

"ಒಬ್ಬನ್ನ ಸಂಭಾಳಿಸೋದೇ ಸಾಕಾಗೈತ್ರಿ. ಅವನ್ನ ಇನ್ನೊಂದು ಕಡಿಗೆ ಯಾಕ ಬರೆಸ್ಲಿ?" ಅಂದೆ.

ಯಾರೂ ನಗಲಿಲ್ಲ. ಅತ್ತೆಗೆ ಮಗನ ಹೆಸರು ಹೇಳುವುದಕ್ಕೆ ಯಾವ ಅಡ್ಡಿಯೂ ಇರಲಿಲ್ಲ. ಒಂದು ಮಾತು ಹೇಳಬಹುದಿತ್ತು. ಟ್ರಂಕಿನ ಮೇಲೆ ಕೈ ಇಟ್ಟು ಗೋಡೆ ನೋಡುತ್ತಾ ಕೂತಳು. ಅಧಿಕಾರಿ ಕೆಂಪು ಪೆನ್ಸಿಲು ಕೇಳಿದರು.

ಸಾಹೇಬರು ಪೆನ್ಸಿಲು ಕೊಡಲಿಲ್ಲ. ವಾದ ಮಾಡಲಿಲ್ಲ. ನಿಧಾನವಾಗಿ ಬಾಗಿಲಿಗೆ ಹೋದರು, ಟೋಪಿ ಸರಿ ಮಾಡಿಕೊಂಡರು, ಎರಡೂ ಕೈ ಚಾಚಿ ಚೌಕಟ್ಟು ಹಿಡಿದು ನಿಂತರು. ನನ್ನ ತಂಗಿಯನ್ನು ನೋಡಿದರು.

ತಂಗಿ ಎದ್ದಳು. ಟ್ರಂಕು ನೋಡಿದಳು, ಅತ್ತೆಯನ್ನು ನೋಡಿದಳು. ಬಾಗಿಲ ಹತ್ತಿರ ಹೋಗಿ ನಿಂತಳು. ಈ ಸಲ ತೋಳಿನ ಕೆಳಗೆ ಬಗ್ಗಲಿಲ್ಲ. ಹೊಳೆಯ ಆ ದಡಕ್ಕೆ ಕೇಳುವಷ್ಟು ಗಟ್ಟಿಯಾಗಿ ಹೇಳಿದಳು:

"ಹೊಳಿ ತುಂಬಿ ಹರಿದ್ರೂ ಸೇತುವೆ ಸರಿಯಂಗಿಲ್ಲ,
ಹಾಲಪ್ಪನ ಹೆಂಡ್ತಿ ನಾನು, ಜಾಗ ಬಿಡಂಗಿಲ್ಲ."

ಸಾಹೇಬರ ಕೈ ತಾನಾಗಿ ಕೆಳಗಿಳಿಯಿತು. ಆಮೇಲೆ ಅಜ್ಜಿ ಎದ್ದಳು. "ಸರೀರಿ ಎಲ್ಲಾರೂ, ಮೊದ್ಲು ನಂದು!" ಅಜ್ಜಿಯ ಹಿಂದೆ ಟೇಲರನ ಹೆಂಡತಿ, ಅವಳ ಹಿಂದೆ ಸಾಲಿಗೆ ಸಾಲೇ ಬಂತು. ಒಬ್ಬಳು ಮುಗಿಸುವಷ್ಟರಲ್ಲಿ ಇನ್ನೊಬ್ಬಳು. ಅಧಿಕಾರಿಯ ಬೆರಳು ಸಾಲಿನಿಂದ ಸಾಲಿಗೆ ಓಡುತ್ತಿತ್ತು. ಪ್ರತಿ ಹೆಸರೂ ಬರೆದಲ್ಲಿ ಬರೆದ ಹಾಗೇ ಇತ್ತು. ಅರ್ಧಕ್ಕೆ ಬಂದಾಗ ಅವರೇ ಮುಂದೆ ಬಾಗಿ, ಮುಂದಿನ ಪ್ರಾಸ ಏನು ಬರುತ್ತದೋ ಎಂದು ಕಾಯತೊಡಗಿದ್ದರು. ಹೆಡ್ ಕ್ಲರ್ಕಿಗೇ ನೀಲಿ ಪೆನ್ಸಿಲು ಕೊಟ್ಟು, ಅವನೇ ಹೊಡೆದಿದ್ದ ಒಂದೊಂದು ಕೆಂಪು ಗೀಟಿನ ಪಕ್ಕ 'ಸರಿ' ಎಂದು ಬರೆಸಿದರು. ಅವನಿಗೆ ಮಧ್ಯಾಹ್ನದ ಊಟ ತಪ್ಪಿತು. ನನಗೆ ಬಹಳ ಸಂತೋಷವಾಯಿತು.

ಕೊನೆಗೆ ಅಜ್ಜಿ ಸೊಂಟದ ಮೇಲೆ ಕೈ ಇಟ್ಟುಕೊಂಡು, "ನಮ್ಮವ್ರ ಹೆಸ್ರೆಲ್ಲ ಕೇಳಿದ್ರಿ. ನಿಮ್ಮನಿಯವ್ರ ಹೆಸ್ರು ಹೇಳ್ರಿ ನೋಡಾನ, ಒಡಪು ಹಾಕಿ," ಅಂದಳು. ಅಧಿಕಾರಿಯ ಕಿವಿ ಕೆಂಪಾಯಿತು. "ನನಗೆ ಬರಲ್ಲಜ್ಜಿ," ಎಂದು ಮೆತ್ತಗೆ ಹೇಳಿ, ಸಹಿ ಹಾಕಿದರು.

ಅಂಕಿ ಎಷ್ಟೆಂದು ನನಗೆ ನೆನಪಿಲ್ಲ. ಹಾಳೆ ನೆನಪಿದೆ. ಒಂದು ಮಗ್ಗುಲಲ್ಲಿ ಮುಗಿಯುತ್ತಿದ್ದ ಹೆಸರುಗಳು ಐದು ಹಾಳೆಯ ಎರಡೂ ಮಗ್ಗುಲು ತುಂಬಿದ್ದವು. ಅದರಲ್ಲಿ ಒಂದೂ ಸುಳ್ಳಿರಲಿಲ್ಲ. ರೂಮು ಮುಚ್ಚಲಿಲ್ಲ. ಸ್ವಲ್ಪ ದಿನಕ್ಕೆ ಡಾಕ್ಟರು ಸೋಮವಾರವೂ ಬರತೊಡಗಿದರು, ಆದರೂ ಜನ ಅದನ್ನು ಗುರುವಾರದ ರೂಮು ಎಂದೇ ಕರೆದರು.

ಟ್ರಂಕು ಅದೇ ಸಂಜೆ ಷಟಲ್ ರೈಲಿಗೆ ಹರಿಹರಕ್ಕೆ ವಾಪಸು ಹೋಯಿತು. ಈ ಸಲ ಅದನ್ನು ಹೊತ್ತವನು ಸ್ಟೇಷನ್ನಿನ ಹಮಾಲ, ಅತ್ತೆಗೆ ತಲೆನೋವು ಬಂದಿತ್ತು. ರೈಲಿನಲ್ಲಿ ಕೂತ ಮೇಲೆ ಅತ್ತೆ, "ಗಂಡನ ಹೆಸ್ರು ಅಷ್ಟು ಜೋರಾಗಿ ಒದರ್ತಾರೇನೇ, ನಾಚ್ಕಿಗೇಡಿ?" ಎಂದಳಂತೆ. ನನ್ನ ತಂಗಿ, "ಸರ್ಕಾರ ಕೇಳಿದ್ರೆ ಏನ್ಮಾಡ್ಲಿ, ಅತ್ತಿ?" ಎಂದಳಂತೆ. ಹೊಸ ಹೆಣ್ಣಿನ ಮಾತು ಆ ಮನೆಯಲ್ಲಿ ಮತ್ತೆ ಏಳಲಿಲ್ಲ.

ಸಾಹೇಬರು ಈ ಗೆಲುವಿನ ಮಾತನ್ನು ಎಲ್ಲೂ ಆಡಿದ್ದನ್ನು ನಾನು ಕೇಳಿಲ್ಲ. ಹೆಡ್ ಕ್ಲರ್ಕಿನ ಮೇಲೂ ಸಿಟ್ಟಿಟ್ಟುಕೊಳ್ಳಲಿಲ್ಲ. "ಅವನೂ ಖಾಲಿ ಕಲಮು ನೋಡಿ ಹೊಡೆದಾನೆ. ತಪ್ಪು ಕಲಮಿಂದು," ಅನ್ನುವರು. ಅವನ ತಾಯಿಯನ್ನು ಒಂದು ಗುರುವಾರ ಅವನೇ ಕೈ ಹಿಡಿದು ಕರೆತಂದಾಗ, ಏನೂ ಕೇಳದೆ ಹುಣಸೆ ಬೀಜದ ತಟ್ಟೆ ಮುಂದಿಟ್ಟರು.

ಆದರೆ ಒಂದು ಚೇಷ್ಟೆ ಮಾತ್ರ ಬಿಡಲಿಲ್ಲ. ನನ್ನ ತಂಗಿ ಬಂದಾಗಲೆಲ್ಲ, ರಿಜಿಸ್ಟರಿನಲ್ಲಿ ಬರೆದಿದ್ದರೂ, ಮುಖ ಗಂಭೀರ ಮಾಡಿಕೊಂಡು, "ಗಂಡನ ಹೆಸ್ರು?" ಎಂದು ಕೇಳುವರು. ತಂಗಿ ಪ್ರತಿ ಸಲ ಹೊಸ ಒಡಪು ಹಾಕುವಳು. ಹೊಳೆಯ ಮೇಲೆ, ರೈಲಿನ ಮೇಲೆ, ಅತ್ತೆಯ ಮೂಗಿನ ಮೇಲೆ. ಅವರು ತಲೆ ಅಲ್ಲಾಡಿಸಿ ಮಾತ್ರೆ ಕೊಡುವರು. ಒಂದು ಸಲ ನಾನು, "ಬರ್ದೈತಲ್ರಿ, ಇನ್ನೂ ಯಾಕ ಕೇಳ್ತೀರಿ?" ಅಂದೆ. "ಅವಳು ಹೆಂಗದಾಳೆ ಅಂತ ಡಾಕ್ಟ್ರು ಪುಸ್ತಕ ನೋಡಿ ತಿಳ್ಕೊಂತಾರೆ. ನಂಗೆ ಪುಸ್ತಕ ಬರಂಗಿಲ್ಲವ್ವಾ," ಅಂದರು.

ಅವರು ರಿಟೈರ್ ಆದ ಮೇಲಿನ ಮೊದಲನೆಯ ಗುರುವಾರ ಕಿಟಕಿಯಲ್ಲಿ ಹೊಸ ಕಾಂಪೌಂಡರ್ ಕೂತಿದ್ದ. ತಲೆ ಎತ್ತದೆ ಮಾತ್ರೆಯ ಪೊಟ್ಟಣ ಈಚೆ ತಳ್ಳಿದ. ನನ್ನ ತಂಗಿ ಅದನ್ನು ಮುಟ್ಟಲಿಲ್ಲ.

"ಗಂಡನ ಹೆಸ್ರು ಕೇಳ್ಲಿಲ್ಲ ನೀನು."

"ಬರ್ದೈತಲ್ಲಮ್ಮ."

"ಬರ್ದಿದ್ರೆ ಏನಾತು? ಪೆನ್ಸಿಲ್ ಕೆಳಗಿಡು. ಮಕ ಮ್ಯಾಲೆತ್ತು. ಈಗ ಕೇಳು."